ಶಿಂಜುಕುವಿನಲ್ಲಿ ರೈಲು ಬದಲಿಸುವಾಗ

ಟೋಕಿಯೊದ ಶಿಂಜುಕು ನಿಲ್ದಾಣದ ವಿಷಯ ಎತ್ತಿದರೆ ಮೊದಲು ಕಿವಿಗೆ ಬೀಳುವುದು ಅಂಕಿಗಳೇ. 2018ರ ಹೊತ್ತಿಗೆ ದಿನಕ್ಕೆ ಸುಮಾರು 36 ಲಕ್ಷ ಜನ ಬಳಸುತ್ತಿದ್ದ ಈ ಜಾಗವನ್ನು ಗಿನ್ನೆಸ್ ದಾಖಲೆ ಜಗತ್ತಿನ ಅತಿ ಹೆಚ್ಚು ಜನಸಂಚಾರದ ನಿಲ್ದಾಣವೆಂದು ಗುರುತಿಸಿದೆ. ಹೊರಗೆ ಹೋಗುವ ದಾರಿಗಳು 200ಕ್ಕೂ ಹೆಚ್ಚು. ಇದನ್ನೆಲ್ಲ ಓದಿಕೊಂಡು ಹೋದವರು ರೈಲಿನಿಂದ ಇಳಿಯುವ ಮೊದಲೇ ಅರ್ಧ ಹೆದರಿರುತ್ತಾರೆ. ಆದರೆ ಅಲ್ಲಿ ದಾರಿ ತಪ್ಪುವುದಕ್ಕೆ ಜನಜಂಗುಳಿ ಕಾರಣವಲ್ಲ. ಜನ ತಮ್ಮ ಪಾಡಿಗೆ ತಾವು ಎಡಬಲ ನೋಡಿ ಸರಿದುಹೋಗುತ್ತಾರೆ, ಯಾರೂ ಯಾರನ್ನೂ ತಳ್ಳಿಕೊಂಡು ಹೋಗುವುದಿಲ್ಲ. ಗೊಂದಲದ ಮೂಲ ಬೇರೆ ಕಡೆ ಇದೆ: ಶಿಂಜುಕು ಒಂದು ನಿಲ್ದಾಣವೆಂದು ನಾವು ನಂಬಿಕೊಂಡಿರುತ್ತೇವೆ. ಅಲ್ಲಿ ಇರುವುದು ಐದು ಸಂಸ್ಥೆಗಳ ನಿಲ್ದಾಣಗಳು.

ಹಳೆಯ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಠಾರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀದಿಯಿಂದ ನೋಡಿದರೆ ಒಂದೇ ವಿಳಾಸ. ಒಳಗೆ ಹೋದರೆ ಐದು ಸಂಸಾರ, ಐದು ಒಲೆ, ಐದು ಲೆಕ್ಕದ ಪುಸ್ತಕ. ಓಣಿ ಎಲ್ಲರದು, ಹೊಸ್ತಿಲು ಅವರವರದು. ಶಿಂಜುಕುವಿನ ಐದು ಸಂಸಾರಗಳೆಂದರೆ ಹಿಂದಿನ ಸರ್ಕಾರಿ ರೈಲ್ವೆಯ ವಾರಸುದಾರ ಜೆಆರ್ ಈಸ್ಟ್. ಖಾಸಗಿ ಕಂಪನಿಗಳಾದ ಒದಾಕ್ಯು ಮತ್ತು ಕೇಯೋ. ಸುರಂಗ ರೈಲಿನ ಟೋಕಿಯೊ ಮೆಟ್ರೊ. ಟೋಕಿಯೊ ಮಹಾನಗರ ಆಡಳಿತವೇ ನಡೆಸುವ ತೋಯೇ ಸುರಂಗ ರೈಲು. ಒಬ್ಬರ ಹೊಸ್ತಿಲು ದಾಟಿ ಇನ್ನೊಬ್ಬರ ಹೊಸ್ತಿಲು ತುಳಿಯುವಾಗಲೆಲ್ಲ ಒಂದು ಲೆಕ್ಕ ಮುಗಿದು ಮತ್ತೊಂದು ಲೆಕ್ಕ ಶುರುವಾಗುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಗೇಟುಗಳು ಅಲ್ಲಲ್ಲಿ ಏಕೆ ಅಡ್ಡ ಬರುತ್ತವೆ, ಒಂದೇ ಊರಿಗೆ ಎರಡು ದರ ಏಕೆ, ‘1ನೇ ಪ್ಲಾಟ್‌ಫಾರ್ಮ್’ ಎಂಬುದು ಒಂದಕ್ಕಿಂತ ಹೆಚ್ಚು ಕಡೆ ಏಕೆ ಇದೆ ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಐವರೂ ಇಲ್ಲಿಗೇ ಬಂದು ಸೇರಿದ್ದು ಹೇಗೆ? ಕೋಶು ಕೈದೊ ಎಂಬ ಹಳೆಯ ಹೆದ್ದಾರಿಯಲ್ಲಿ 17ನೇ ಶತಮಾನದ ಕೊನೆಗೆ ಹುಟ್ಟಿದ ಒಂದು ತಂಗುದಾಣ ಈ ಶಿಂಜುಕು. ಪ್ರಯಾಣಿಕರು ಕುದುರೆ ಬದಲಿಸಿಕೊಂಡು ಮುಂದೆ ಹೋಗುತ್ತಿದ್ದ ಜಾಗ. 1885ರಲ್ಲಿ ನಿಪ್ಪೋನ್ ರೈಲ್ವೆ ಎಂಬ ಖಾಸಗಿ ಕಂಪನಿ ಅದರ ಪಕ್ಕದಲ್ಲಿ ಉತ್ತರ ದಕ್ಷಿಣವಾಗಿ ಹಳಿ ಹಾಕಿ ನಿಲ್ದಾಣ ತೆರೆಯಿತು. ನಾಲ್ಕು ವರ್ಷದ ನಂತರ ಕೋಬು ರೈಲ್ವೆ ಇಲ್ಲಿಂದ ಪಶ್ಚಿಮಕ್ಕೆ ತಚಿಕಾವಾವರೆಗೆ ಮಾರ್ಗ ತೆಗೆಯಿತು. 1906ರಲ್ಲಿ ಸರ್ಕಾರ ಎರಡನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. ಮೊದಲನೆಯದು ಬೆಳೆದು 1925ರ ಹೊತ್ತಿಗೆ ನಗರವನ್ನು ಸುತ್ತುವ ಯಮನೋತೆ ವರ್ತುಲವಾಯಿತು. ಎರಡನೆಯದು ಇಂದಿನ ಚೂಓ ಮಾರ್ಗ.

ನಗರದ ಒಡಲೊಳಗಿನ ಸಾರಿಗೆ ತನ್ನ ಕೈಯಲ್ಲೇ ಇರಬೇಕೆಂಬುದು ಅಂದಿನ ಟೋಕಿಯೊ ಆಡಳಿತದ ಹಟವಾಗಿತ್ತು. ಹಾಗಾಗಿ ಪಶ್ಚಿಮದ ಹಳ್ಳಿಗಳಿಂದ ಹಳಿ ಹಾಕಿಕೊಂಡು ಬಂದ ಖಾಸಗಿ ಕಂಪನಿಗಳು ಯಮನೋತೆ ವರ್ತುಲದ ಅಂಚಿಗೆ ಬಂದು ನಿಲ್ಲಬೇಕಾಯಿತು. ಕೇಯೋ 1915ರಲ್ಲಿ ಬಂತು, ಒದಾಕ್ಯು 1927ರಲ್ಲಿ. ನಡುವೆ 1923ರ ಮಹಾ ಭೂಕಂಪದಲ್ಲಿ ಹಳೆಯ ಪೂರ್ವ ಟೋಕಿಯೊ ಸುಟ್ಟುಹೋಗಿ, ಜನ ಪಶ್ಚಿಮದ ಗಟ್ಟಿ ನೆಲಕ್ಕೆ ಮನೆ ಬದಲಿಸಿದರು. ಬೆಳಗ್ಗೆ ಅವರೆಲ್ಲ ಖಾಸಗಿ ರೈಲಿನಲ್ಲಿ ಬಂದು ಶಿಂಜುಕು, ಶಿಬುಯಾ, ಇಕೆಬುಕುರೊಗಳಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ನಗರದ ಗಡಿಯಲ್ಲಿ ತಡೆದು ನಿಲ್ಲಿಸಿದ್ದರ ಫಲವಾಗಿಯೇ ಈ ಮೂರು ಜಾಗಗಳು ದೊಡ್ಡ ಪೇಟೆಗಳಾಗಿ ಬೆಳೆದವು. ಯಾವ ಯೋಜಕನೂ ನಕ್ಷೆಯ ಮೇಲೆ ಇಂಥದ್ದೊಂದು ಮಹಾನಿಲ್ದಾಣ ಬರೆದಿರಲಿಲ್ಲ.

ಕೇಯೋ ಕಥೆಯಂತೂ ಕೇಳುವಂಥದ್ದು. ಅದರ ಕೊನೆಯ ನಿಲ್ದಾಣ ಮೊದಲು ಇದ್ದದ್ದು ಪೂರ್ವ ದಿಕ್ಕಿನಲ್ಲಿ, ಪೇಟೆಯ ನಡುವೆ. ಅಲ್ಲಿಗೆ ತಲುಪಲು ಸರ್ಕಾರಿ ಹಳಿಗಳ ಮೇಲಿನ ಸೇತುವೆಯ ಏರು ಹತ್ತಬೇಕಿತ್ತು. 1945ರ ಬಾಂಬ್ ದಾಳಿಯಲ್ಲಿ ವಿದ್ಯುತ್ ಉಪಕೇಂದ್ರ ಹಾಳಾಗಿ, ವೋಲ್ಟೇಜ್ ಕುಸಿದು, ಬಂಡಿಗಳಿಗೆ ಆ ಏರು ಹತ್ತುವ ಕಸುವೇ ಉಳಿಯಲಿಲ್ಲ. ಆ ಜುಲೈನಲ್ಲಿ ಕಂಪನಿ ತನ್ನ ನಿಲ್ದಾಣವನ್ನು ಸೇತುವೆಯ ಈಚೆಗೆ, ಪಶ್ಚಿಮಕ್ಕೆ ಎಳೆದುಕೊಂಡಿತು. ಇವತ್ತು ಕೇಯೋ ರೈಲು ಹಿಡಿಯಲು ಪಶ್ಚಿಮಕ್ಕೆ ನಡೆಯುವ ಲಕ್ಷಾಂತರ ಜನ ಯುದ್ಧದ ಕೊನೆಯ ಬೇಸಿಗೆಯ ಆ ತೀರ್ಮಾನದ ದಾರಿಯಲ್ಲೇ ನಡೆಯುತ್ತಿದ್ದಾರೆ.

ಯುದ್ಧದ ನಂತರ ಸುರಂಗ ರೈಲುಗಳು ಬಂದವು: 1959ರಲ್ಲಿ ಮರುನೌಚಿ ಮಾರ್ಗ, 1980ರಲ್ಲಿ ತೋಯೇಯ ಶಿಂಜುಕು ಮಾರ್ಗ, 1997ರಲ್ಲಿ ಎಲ್ಲಕ್ಕಿಂತ ಆಳದಲ್ಲಿ ಓಯೆದೊ ಮಾರ್ಗ. ಬಂದವರೆಲ್ಲ ಮೊದಲಿದ್ದವರ ಕಾಲಡಿಗೆ ತೋಡಿಕೊಂಡೇ ಬರಬೇಕಾಯಿತು. ಶಿಂಜುಕುವಿನಲ್ಲಿ ಅಷ್ಟೊಂದು ಮೆಟ್ಟಿಲು, ಎಸ್ಕಲೇಟರುಗಳಿರುವುದು ಇದರಿಂದಲೇ.

ಈ ಐವರನ್ನೂ ಒಂದೇ ಹಳಿಗೆ ತರಲಾಗದ್ದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಮೀಟರ್‌ಗೇಜಿನಿಂದ ಇಳಿದು ಬ್ರಾಡ್‌ಗೇಜ್ ಹತ್ತಿದ ನಮ್ಮ ಹಿರಿಯರಿಗೆ ಅದು ಚೆನ್ನಾಗಿ ಗೊತ್ತು. ಶಿಂಜುಕು ಎಂಬ ಒಂದು ಹೆಸರಿನಡಿ ಮೂರು ಅಳತೆಯ ಹಳಿಗಳಿವೆ. ಜೆಆರ್ ಮತ್ತು ಒದಾಕ್ಯು ಓಡುವುದು 1067 ಮಿಲಿಮೀಟರ್ ಅಗಲದ ಹಳಿಯ ಮೇಲೆ. ಮರುನೌಚಿ ಮತ್ತು ಓಯೆದೊ 1435ರ ಮೇಲೆ. ಕೇಯೋ ಮಾತ್ರ 1372 ಮಿಲಿಮೀಟರಿನ ವಿಚಿತ್ರ ಅಳತೆ ಇಟ್ಟುಕೊಂಡಿದೆ. ಇದು 1880ರ ದಶಕದಲ್ಲಿ ಟೋಕಿಯೊ ಬೀದಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಮಿನ ಅಳತೆ. ಅದು ನಗರದ ವಿದ್ಯುತ್ ಟ್ರಾಮಿಗೆ ಬಂತು. ಆ ಟ್ರಾಮಿನ ಹಳಿಗೆ ಕೂಡಿಕೊಳ್ಳುವ ಆಸೆಯಿಂದ ಕೇಯೋ ಕೂಡ ಅದನ್ನೇ ಆರಿಸಿಕೊಂಡಿತು. ತೋಯೇಯ ಶಿಂಜುಕು ಮಾರ್ಗ ಕಟ್ಟುವಾಗ ಕೇಯೋ ರೈಲುಗಳನ್ನು ನೇರವಾಗಿ ಸುರಂಗಕ್ಕೆ ಬಿಡುವ ಯೋಚನೆ ಬಂತು. ಆದರೆ ಅಷ್ಟು ಜನ ನೆಚ್ಚಿಕೊಂಡ ಮಾರ್ಗದ ಹಳಿಯನ್ನು ಕಿತ್ತು ಹೊಸ ಅಳತೆಗೆ ಹಾಕುವುದು ಆಗದ ಕೆಲಸವಾಗಿತ್ತು. ಕೊನೆಗೆ ಸುರಂಗವನ್ನೇ 1372ಕ್ಕೆ ಕಟ್ಟಿದರು. ಕುದುರೆ ಟ್ರಾಮಿನ ಅಳತೆ ಹೀಗೆ ಟೋಕಿಯೊ ನೆಲದಡಿಯಲ್ಲಿ ಇಂದಿಗೂ ಜೀವಂತವಾಗಿದೆ.

ಅದರ ಲಾಭ ಪ್ರಯಾಣಿಕನಿಗೆ ದೊಡ್ಡದು. ಪಶ್ಚಿಮದ ಹೊರವಲಯದಲ್ಲಿ ಸುರಂಗಕ್ಕೆ ಹೋಗುವ ಕೇಯೋ ರೈಲು ಹತ್ತಿ ಕುಳಿತವನು ಶಿಂಜುಕುವಿನಲ್ಲಿ ಏಳಬೇಕಾಗಿಲ್ಲ. ಚಾಲಕ ಇಳಿಯುತ್ತಾನೆ, ತೋಯೇಯ ಚಾಲಕ ಹತ್ತುತ್ತಾನೆ, ಅದೇ ಬೋಗಿಗಳು ನಗರದ ಆಚೆ ತುದಿಯವರೆಗೆ ಹೋಗುತ್ತವೆ. 1960ರಲ್ಲಿ ತೋಯೇಯ ಅಸಾಕುಸಾ ಮಾರ್ಗ ಮತ್ತು ಕೇಯ್ಸೇಯ್ ಕಂಪನಿಯ ನಡುವೆ ಶುರುವಾದ ಈ ನೇರ ಓಡಾಟ ಈಗ ಟೋಕಿಯೊದ ಬಹುಪಾಲು ಸುರಂಗ ಮಾರ್ಗಗಳಲ್ಲಿ ಇದೆ. ಬದಲಿಸುವ ಕಷ್ಟಕ್ಕೆ ಬದಲಿಸುವ ಅಗತ್ಯವನ್ನೇ ತೆಗೆದುಹಾಕುವುದಕ್ಕಿಂತ ಒಳ್ಳೆಯ ಮದ್ದು ಇಲ್ಲ ಎಂಬುದನ್ನು ಆ ಊರು ಬೇಗ ಕಂಡುಕೊಂಡಿತು ಎಂದೇ ನನ್ನ ಅನಿಸಿಕೆ. ಆ ಮದ್ದು ಸಿಗದ ಕಡೆ ಮಾತ್ರ ನಡೆಯಬೇಕು.

ಈಗ ನಡೆಯುವ ವಿಷಯಕ್ಕೆ ಬರೋಣ.

ಶಿಂಜುಕುವಿನಲ್ಲಿ ಮೊದಲು ನೋಡಿಕೊಳ್ಳಬೇಕಾದ್ದು ಹಳದಿ ಬಣ್ಣ. ಹಳದಿ ಹಿನ್ನೆಲೆಯ ಫಲಕ ಎಂದರೆ ಹೊರದಾರಿ. ಬೀದಿಗೆ ಹೋಗುವವರು ಅದನ್ನು ಹಿಡಿಯಬೇಕು. ಇನ್ನೊಂದು ರೈಲು ಹತ್ತುವವರು ಅದನ್ನು ಬಿಟ್ಟು ತಮ್ಮ ಮಾರ್ಗದ ಬಣ್ಣವನ್ನು ಹುಡುಕಬೇಕು. 1970ರ ದಶಕದಲ್ಲಿ ಟೋಕಿಯೊ ಸುರಂಗ ರೈಲಿಗಾಗಿ ಅಕಾಸೆ ತತ್ಸುಜೊ ಎಂಬ ವಿನ್ಯಾಸಕಾರರು ಒಂದು ಫಲಕ ವ್ಯವಸ್ಥೆ ರೂಪಿಸಿದರು. ಹೊರಹೋಗುವುದಕ್ಕೆ ಹಳದಿ, ಒಳಬರುವುದಕ್ಕೆ ಹಸಿರು, ಒಂದೊಂದು ಮಾರ್ಗಕ್ಕೂ ಅದರದೇ ಬಣ್ಣದ ಬಳೆ. ಅದಕ್ಕೆ ಮೊದಲು ನಿಲ್ದಾಣದ ಫಲಕಗಳಲ್ಲಿ ಹೆಸರುಗಳು ತುಂಬಿ ತುಳುಕುತ್ತಿದ್ದವು, ಓದಲು ನಿಂತರೆ ಹಿಂದೆ ಜನ ಕಟ್ಟಿಕೊಳ್ಳುತ್ತಿದ್ದರು. ನಡೆಯುತ್ತಲೇ ಕಣ್ಣಿಗೆ ತಾಗುವ ಬಣ್ಣ ಬಂದಮೇಲೆ ಓದುವ ಕೆಲಸ ಎಷ್ಟೋ ಕಡಿಮೆಯಾಯಿತು.

ಜೆಆರ್ ಮಾರ್ಗಗಳ ಬಣ್ಣ ಹುಟ್ಟಿದ್ದು ರೈಲಿನ ಮೈಬಣ್ಣದಿಂದ. ಚೂಓ ವೇಗದ ರೈಲು 1957ರಲ್ಲಿ ಕಿತ್ತಳೆ ಬಳಿದುಕೊಂಡು ಬಂತು. ಯಮನೋತೆಗೆ ಹಳದಿ ಮಿಶ್ರಿತ ಹಸಿರು, ಚೂಓ ಸೋಬು ನಿಧಾನದ ರೈಲಿಗೆ ಹಳದಿ, ಸೈಕ್ಯೋ ಮಾರ್ಗಕ್ಕೆ ಕಡುಹಸಿರು. ಈಗಿನ ಬೋಗಿಗಳು ಬಣ್ಣ ಬಳಿಯದ ಲೋಹದವು. ಬಣ್ಣ ಒಂದು ಪಟ್ಟಿಯಾಗಿ ಉಳಿದಿದೆ, ಆದರೆ ನಕ್ಷೆಯಲ್ಲಿ, ಕಂಬದಲ್ಲಿ, ತೂಗುಫಲಕದಲ್ಲಿ ಅದೇ ಭಾಷೆ. ಬಣ್ಣದ ಜೊತೆಗೆ ಅಕ್ಷರ ಮತ್ತು ಅಂಕಿ ಇರುತ್ತದೆ: ಯಮನೋತೆಯಲ್ಲಿ ಶಿಂಜುಕು ‘ಜೆವೈ 17’, ಮರುನೌಚಿಯಲ್ಲಿ ‘ಎಂ 08’, ತೋಯೇ ಶಿಂಜುಕು ಮಾರ್ಗದಲ್ಲಿ ‘ಎಸ್ 01’. ಸುರಂಗ ರೈಲುಗಳು 2004ರಲ್ಲಿ, ಜೆಆರ್ ಈಸ್ಟ್ 2016ರಲ್ಲಿ ಈ ಸಂಖ್ಯೆಗಳನ್ನು ತಂದವು. ಜಪಾನಿ ಲಿಪಿ ಓದಲು ಬಾರದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಎಣಿಸಲು ಬಂದರೆ ಸಾಕು, ಇಳಿಯುವ ಜಾಗ ತಿಳಿಯುತ್ತದೆ.

ಎರಡನೆಯದು ಮೇಲು ಕೆಳಗಿನ ಸಂಗತಿ. ಜೆಆರ್‌ನ 16 ಪ್ಲಾಟ್‌ಫಾರ್ಮ್‌ಗಳು ನೆಲಮಟ್ಟದಲ್ಲಿ ಸಾಲಾಗಿ ಮಲಗಿವೆ. ಪೂರ್ವ, ಪಶ್ಚಿಮದ ಗೇಟುಗಳಿಗೆ ಹೋಗುವ ದಾರಿ ಅವುಗಳ ಅಡಿಯಲ್ಲಿದೆ, ದಕ್ಷಿಣದ ಗೇಟು ಅವುಗಳ ಮೇಲಿದೆ, ಏಕೆಂದರೆ ಅಲ್ಲಿ ಕೋಶು ಕೈದೊ ಹೆದ್ದಾರಿ ಸೇತುವೆಯಾಗಿ ಹಳಿಗಳನ್ನು ದಾಟುತ್ತದೆ. ಪೂರ್ವ ಪಶ್ಚಿಮಕ್ಕೆ ಹೋಗುವವರು ಇಳಿಯಬೇಕು, ದಕ್ಷಿಣಕ್ಕೆ ಹೋಗುವವರು ಹತ್ತಬೇಕು. ಇಷ್ಟು ನೆನಪಿದ್ದರೆ ರೈಲಿನಿಂದ ಕಾಲಿಟ್ಟ ಮೊದಲ ಕ್ಷಣದ ತಡಕಾಟ ತಪ್ಪುತ್ತದೆ. ಕಬುಕಿಚೊ ಬೀದಿಗಳು, ಕಿನೋಕುನಿಯಾ ಪುಸ್ತಕದಂಗಡಿ ಪೂರ್ವಕ್ಕೆ. ನೀರು ಶುದ್ಧೀಕರಣ ಘಟಕ 1965ರಲ್ಲಿ ಜಾಗ ಖಾಲಿ ಮಾಡಿದ ಮೇಲೆ ಎದ್ದ ಗಗನಚುಂಬಿಗಳು, 1991ರಲ್ಲಿ ಬಂದ ಮಹಾನಗರ ಆಡಳಿತದ ಅವಳಿ ಗೋಪುರ ಪಶ್ಚಿಮಕ್ಕೆ. ಊರೂರಿಗೆ ಹೋಗುವ ಬಸ್ಸುಗಳ ನಿಲ್ದಾಣ ‘ಬಸ್ತಾ’ ದಕ್ಷಿಣಕ್ಕೆ. ಹೊರಗೆ ಬಂದು ದಿಕ್ಕು ಹುಡುಕುವುದಕ್ಕಿಂತ ಯಾವ ಗೇಟೆಂಬುದನ್ನು ರೈಲಿನಲ್ಲಿ ಕುಳಿತಿದ್ದಾಗಲೇ ತೀರ್ಮಾನಿಸಿಕೊಳ್ಳಬೇಕು.

2020ರ ಜುಲೈವರೆಗೆ ತಪ್ಪು ಕಡೆ ಹೊರಬಿದ್ದವರಿಗೆ ದೊಡ್ಡ ಸುತ್ತು ಕಾದಿರುತ್ತಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ನೇರ ದಾರಿ ಗೇಟಿನ ಒಳಗಿತ್ತು. ರೈಲು ಹತ್ತದವರು ಬಳಸಿಕೊಂಡು ಹೋಗಬೇಕಿತ್ತು. ಆ ವರ್ಷ ಗೇಟುಗಳನ್ನೇ ಪಕ್ಕಕ್ಕೆ ಸರಿಸಿ, 17 ಮೀಟರಿದ್ದ ಒಳದಾರಿಯನ್ನು 25 ಮೀಟರಿಗೆ ಅಗಲ ಮಾಡಿ, ಸುಮಾರು 100 ಮೀಟರ್ ಉದ್ದದ ಮುಕ್ತ ಹಾದಿಯಾಗಿ ಬಿಟ್ಟುಕೊಟ್ಟರು. ನಗರದ ಎರಡು ಭಾಗಗಳ ನಡುವೆ ಟಿಕೆಟ್ ಇಲ್ಲದೆ ನೇರವಾಗಿ ನಡೆದುಹೋಗುವ ಹಕ್ಕು ಜನರಿಗೆ ಸಿಕ್ಕಿದ್ದು, ನಿಲ್ದಾಣ ಹುಟ್ಟಿ 135 ವರ್ಷದ ನಂತರ.

ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ನಮ್ಮ ಮೆಟ್ರೊದ ಗೇಟುಗಳು ಮುಚ್ಚಿದ್ದು ಕಾರ್ಡ್ ತೋರಿಸಿದಾಗ ತೆರೆಯುತ್ತವೆ. ಜಪಾನಿನಲ್ಲಿ ಬಹುತೇಕ ಕಡೆ ಗೇಟು ತೆರೆದೇ ಇರುತ್ತದೆ. ಕಾರ್ಡಿನಲ್ಲಿ ಹಣ ಸಾಲದಿದ್ದರೆ ಅಥವಾ ಏನೋ ಎಡವಟ್ಟಾದರೆ ಮಾತ್ರ ರೆಕ್ಕೆಗಳು ಮುಚ್ಚಿಕೊಳ್ಳುತ್ತವೆ. ನಡೆಯುವವನ ಹೆಜ್ಜೆ ತಡೆಯದೆ ಲೆಕ್ಕ ಮುಗಿಸಬೇಕು ಎಂಬುದು ಅಲ್ಲಿಯ ಗುರಿ. 2001ರ ನವೆಂಬರಿನಲ್ಲಿ ಬಂದ ಸುಯಿಕಾ ಕಾರ್ಡ್ ಈ ಗುರಿಗಾಗಿ ಹುಟ್ಟಿದ್ದು. ಕಾರ್ಡನ್ನು ಓದಿ, ಲೆಕ್ಕ ಹಾಕಿ, ಮತ್ತೆ ಬರೆಯುವುದೆಲ್ಲ 0.2 ಸೆಕೆಂಡಿನೊಳಗೆ ಮುಗಿಯಬೇಕು. ಯಂತ್ರ ಅದನ್ನು ಮಾಡಿತು, ಮನುಷ್ಯರದೇ ತೊಡಕಾಯಿತು. 1990ರ ದಶಕದ ಪರೀಕ್ಷೆಗಳಲ್ಲಿ ಜನ ಕಾರ್ಡನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಗಾಳಿಯಲ್ಲಿ ಆಡಿಸಿದರು, ನಿಲ್ಲಿಸದೆ ಬೀಸಿಕೊಂಡು ಹೋದರು. ವಿನ್ಯಾಸಕಾರ ಯಮನಾಕಾ ಶುಂಜಿ ನಾನಾ ಆಕಾರಗಳನ್ನು ಜನರ ಕೈಗೆ ಕೊಟ್ಟು ನೋಡಿ, ಓದುವ ಫಲಕವನ್ನು ನಡೆಯುವವನ ಕಡೆಗೆ 13.5 ಡಿಗ್ರಿ ಬಾಗಿಸಿ, ಸುತ್ತ ಬೆಳಕು ಕೊಟ್ಟರು. ಆ ಸಣ್ಣ ಓರೆಗೆ ಕೈ ತಾನಾಗಿ ಹೋಗಿ ಕಾರ್ಡನ್ನು ಒಂದು ಕ್ಷಣ ಒತ್ತಿ ಹಿಡಿಯುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ. ಲಕ್ಷಾಂತರ ಜನರ ಸಾಲು ಕಟ್ಟದಂತೆ ಕಾಯುತ್ತಿರುವುದು ಆ 13.5 ಡಿಗ್ರಿ.

ಸುಯಿಕಾ ಜೆಆರ್‌ನದು. ಖಾಸಗಿ ರೈಲು, ಬಸ್ಸು, ಸುರಂಗ ರೈಲುಗಳವರು ಸೇರಿ 2007ರಲ್ಲಿ ಪಾಸ್ಮೊ ತಂದರು; ಅಂದಿನಿಂದಲೇ ಒಬ್ಬರ ಕಾರ್ಡ್ ಇನ್ನೊಬ್ಬರ ಗೇಟಿನಲ್ಲೂ ನಡೆಯಿತು. 2013ರ ಮಾರ್ಚಿನಿಂದ ದೇಶದ 10 ಪ್ರಮುಖ ಕಾರ್ಡುಗಳು ಪರಸ್ಪರ ಸಲ್ಲುತ್ತವೆ. ಯಾವುದಾದರೂ ಒಂದು ಕಾರ್ಡ್ ಜೇಬಿನಲ್ಲಿದ್ದರೆ, ಅಥವಾ ಫೋನಿನಲ್ಲಿದ್ದರೆ, ಐದು ಸಂಸಾರಗಳ ಹೊಸ್ತಿಲನ್ನೂ ದಾಟಬಹುದು. ಜೆಆರ್‌ನಿಂದ ನೇರವಾಗಿ ಒದಾಕ್ಯು ಅಥವಾ ಕೇಯೋ ಕಡೆಗೆ ಒಯ್ಯುವ ಸಂಪರ್ಕ ಗೇಟುಗಳಿವೆ. ಅಲ್ಲಿ ಒಂದೇ ಸಲ ಕಾರ್ಡ್ ಒತ್ತಿದರೆ ಜೆಆರ್ ಲೆಕ್ಕ ಮುಗಿಯುತ್ತದೆ, ಇನ್ನೊಂದು ಲೆಕ್ಕ ತೆರೆಯುತ್ತದೆ.

ಆದರೆ ದರಗಳು ಒಂದಾಗಿಲ್ಲ ಎಂಬುದನ್ನು ಮರೆಯಬಾರದು. ಪ್ರತಿ ಸಂಸ್ಥೆಯೂ ಕನಿಷ್ಠ ದರದಿಂದಲೇ ಎಣಿಕೆ ಶುರು ಮಾಡುತ್ತದೆ. ಜೆಆರ್‌ನಲ್ಲಿ ಮೂರು ನಿಲ್ದಾಣ, ಸುರಂಗ ರೈಲಿನಲ್ಲಿ ಮೂರು ನಿಲ್ದಾಣ ಹೋದರೆ, ಒಂದೇ ಸಂಸ್ಥೆಯ ಆರು ನಿಲ್ದಾಣಕ್ಕಿಂತ ಬಹುಮಟ್ಟಿಗೆ ಹೆಚ್ಚೇ ತೆರಬೇಕು. ಟೋಕಿಯೊ ಮೆಟ್ರೊ ಮತ್ತು ತೋಯೇ ನಡುವೆ ಬದಲಿಸುವವರಿಗೆ 70 ಯೆನ್ ರಿಯಾಯಿತಿ ಇದೆ. ಕಾಗದದ ಟಿಕೆಟಿನವರು ದರ ತಿಳಿಯದಿದ್ದರೆ ಕನಿಷ್ಠ ದರದ್ದನ್ನು ಕೊಂಡು, ಇಳಿಯುವ ಕಡೆ ಗೇಟಿನೊಳಗೇ ಇರುವ ಯಂತ್ರದಲ್ಲಿ ಉಳಿದ ಹಣ ತುಂಬಬಹುದು. ಅದಕ್ಕೆ ದಂಡವಿಲ್ಲ, ಬೈಗುಳವಿಲ್ಲ. ಹೊಸಬರನ್ನು ತಪ್ಪಿತಸ್ಥರೆಂದು ನೋಡದ ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ.

ಈ ನಿಲ್ದಾಣದ ಗೋಜಲನ್ನು ಕಟ್ಟಿದ್ದು ಕಂಪನಿಗಳು, ಸರ್ಕಾರ, ಯುದ್ಧ, ಭೂಕಂಪ. ಅದನ್ನು ಬಿಡಿಸಿ ನಡೆಯುವ ಹಾಗೆ ಮಾಡಿದವರಲ್ಲಿ ಕೆಲವರು ರೈಲ್ವೆಯವರೇ ಅಲ್ಲ. ಶಿಂಜುಕು ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದೇ ಅವರಿಂದಾಗಿ.

ಟೋಕಿಯೊ ಮೆಟ್ರೊದ ಪ್ಲಾಟ್‌ಫಾರ್ಮ್ ಕಂಬದಲ್ಲಿ ಒಂದು ಉದ್ದನೆಯ ಪಟ್ಟಿ ಕಾಣುತ್ತದೆ. ಮುಂದಿನ ಪ್ರತಿ ನಿಲ್ದಾಣದಲ್ಲೂ ಎಷ್ಟನೆಯ ಬೋಗಿಯಲ್ಲಿದ್ದರೆ ಮೆಟ್ಟಿಲು, ಎಷ್ಟನೆಯದರಲ್ಲಿದ್ದರೆ ಲಿಫ್ಟ್, ಯಾವುದರಲ್ಲಿದ್ದರೆ ಬದಲಿಸುವ ರೈಲು ಹತ್ತಿರ ಎಂದು ಅದರಲ್ಲಿ ಗುರುತು ಮಾಡಿರುತ್ತಾರೆ. ಇದರ ಹಿಂದಿರುವವರು ಫುಕುಯಿ ಯಸುಯೊ ಎಂಬ ಗೃಹಿಣಿ. 1990ರ ದಶಕದಲ್ಲಿ ಮಗುವನ್ನು ತಳ್ಳುಬಂಡಿಯಲ್ಲಿ ಕೂರಿಸಿಕೊಂಡು ಸುರಂಗ ರೈಲಿನಲ್ಲಿ ಓಡಾಡುವಾಗ, ಇಳಿದಮೇಲೆ ಎಸ್ಕಲೇಟರ್ ಯಾವ ತುದಿಗಿದೆಯೆಂದು ತಿಳಿಯದೆ ಅವರು ಪಾಡುಪಟ್ಟಿದ್ದರು. ಮುಂಚೆಯೇ ಸರಿಯಾದ ಬೋಗಿ ಹತ್ತಿದರೆ ಈ ನಡಿಗೆಯೇ ಬೇಡವಲ್ಲ ಎಂದು ಹೊಳೆಯಿತು. ನಗರದ ಸುರಂಗ ನಿಲ್ದಾಣಗಳನ್ನೆಲ್ಲ ಸುತ್ತಿ, ಯಾವ ಬಾಗಿಲು ಯಾವ ಮೆಟ್ಟಿಲಿನೆದುರು ನಿಲ್ಲುತ್ತದೆಂದು ಬರೆದುಕೊಂಡರು. ಅವರ ನಕ್ಷೆ ಅಚ್ಚಾಗಿ, ಕೊನೆಗೆ ಪ್ಲಾಟ್‌ಫಾರ್ಮ್ ಏರಿತು. ಈಗ ಫೋನಿನ ಆ್ಯಪುಗಳು ‘ಇಷ್ಟನೆಯ ಬೋಗಿ ಹತ್ತಿ’ ಎನ್ನುವುದಕ್ಕೂ ಮೂಲ ಅಂಥ ಕೆಲಸವೇ. ಹತ್ತು ಬೋಗಿಯ ರೈಲು ಸುಮಾರು 200 ಮೀಟರ್ ಉದ್ದವಿರುತ್ತದೆ. ತಪ್ಪು ತುದಿಯಲ್ಲಿ ಇಳಿದರೆ ಜಂಗುಳಿಯ ನಡುವೆ ಅಷ್ಟೂ ದೂರ ನಡೆಯಬೇಕಾಗುತ್ತದೆ.

ಇನ್ನೊಬ್ಬರು ಸತೊ ಶುಯೆತ್ಸು. ಈ ಶತಮಾನದ ಆರಂಭದಲ್ಲಿ ಶಿಂಜುಕುವಿನಲ್ಲಿ ಕಾಮಗಾರಿ ನಡೆದು ದಾರಿಗಳು ಆಗಾಗ ಬದಲಾಗುತ್ತಿದ್ದಾಗ ಅಲ್ಲಿ ಜನರನ್ನು ಸರಿದಾರಿಗೆ ಕಳಿಸುವ ಕೆಲಸಕ್ಕಿದ್ದ ಸೆಕ್ಯುರಿಟಿ ಗಾರ್ಡ್ ಅವರು. ಕೂಗಿ ಹೇಳಿ ಗಂಟಲು ಬೀಳುತ್ತಿತ್ತೇ ಹೊರತು ಜನಕ್ಕೆ ದಾರಿ ತಿಳಿಯುತ್ತಿರಲಿಲ್ಲ. ಆಗ ಅವರು ಕೈಗೆ ಸಿಕ್ಕ ಅಂಟು ಟೇಪು ತೆಗೆದುಕೊಂಡು ತಾತ್ಕಾಲಿಕ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳನ್ನು ಕಟ್ಟಿದರು. ಟೇಪಿನ ಪಟ್ಟಿಗಳನ್ನು ಅಡ್ಡ ಉದ್ದ ಅಂಟಿಸಿ, ಸಂದುಗಳಲ್ಲಿ ಕಟ್ಟರ್ ಆಡಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ತೆಗೆಯುವುದು ಅವರ ಕ್ರಮ. ದೂರದಿಂದ ನೋಡಿದರೆ ಅಚ್ಚುಮೊಳೆಯಲ್ಲಿ ಎರಕ ಹೊಯ್ದಂತೆ ಕಾಣುತ್ತಿದ್ದ ಆ ಅಕ್ಷರಗಳನ್ನು ನೋಡಿ ಜನ ನಿಲ್ಲದೆ ನಡೆದರು. ಮುಂದೆ ನಿಪ್ಪೋರಿ ನಿಲ್ದಾಣದಲ್ಲೂ ಅವರು ಇದೇ ಕೆಲಸ ಮಾಡಿದರು. ಆ ಅಕ್ಷರ ಶೈಲಿಯನ್ನು ಜಪಾನಿನಲ್ಲಿ ಈಗ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಕಾಲಡಿಯ ಹಳದಿ ಉಬ್ಬುಗಲ್ಲು ಕೂಡ ಹೀಗೆ ಬಂದದ್ದೇ. ಒಕಯಾಮಾ ಊರಿನ ಮಿಯಾಕೆ ಸೇಯ್ಚಿ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಗೆಳೆಯನಿಗಾಗಿ 1965ರಲ್ಲಿ ಇದನ್ನು ಕಂಡುಹಿಡಿದರು. 1967ರ ಮಾರ್ಚ್ 18ರಂದು ಆ ಊರಿನ ಅಂಧರ ಶಾಲೆಯ ಬಳಿ ರಸ್ತೆ ದಾಟುವಲ್ಲಿ ಮೊದಲು ಹಾಕಿದರು. ಉದ್ದ ಗೆರೆಗಳಿದ್ದರೆ ಮುಂದೆ ನಡೆ, ಚುಕ್ಕಿಗಳಿದ್ದರೆ ನಿಲ್ಲು. ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಚುಕ್ಕಿಗಳ ಜೊತೆ ಒಳಬದಿಗೆ ಒಂದೇ ಒಂದು ಗೆರೆ ಇರುತ್ತದೆ: ಗೆರೆ ಇರುವ ಕಡೆ ಕ್ಷೇಮ, ಇನ್ನೊಂದು ಕಡೆ ಹಳಿ. ಪ್ಲಾಟ್‌ಫಾರ್ಮ್‌ನಲ್ಲಿ ಹಕ್ಕಿಯ ಕೂಗು ಕೇಳಿದರೆ ಅಲ್ಲಿ ಮೆಟ್ಟಿಲಿದೆ ಎಂದರ್ಥ. ಗೇಟಿನ ಬಳಿ ಎರಡು ಸ್ವರದ ಗಂಟೆ ಮೊಳಗುತ್ತಿರುತ್ತದೆ. ರೈಲು ಹೊರಡುವ ಮೊದಲು ಕರ್ಕಶ ಬೆಲ್ಲಿನ ಬದಲು ಕಿರು ರಾಗ ನುಡಿಸುವ ಪದ್ಧತಿಯನ್ನೂ ಜೆಆರ್ ಈಸ್ಟ್ 1989ರಲ್ಲಿ ಶಿಂಜುಕು ಮತ್ತು ಶಿಬುಯಾಗಳಲ್ಲಿ ಶುರು ಮಾಡಿತು. ಕಣ್ಣು ಮುಚ್ಚಿಕೊಂಡು ನಿಂತರೂ ಆ ನಿಲ್ದಾಣ ತನ್ನನ್ನು ತಾನು ಪರಿಚಯಿಸಿಕೊಳ್ಳುತ್ತದೆ.

ಒಂದು ನಿಜವಾದ ಬದಲಾವಣೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಟೋಕಿಯೊದ ಎಡೊಗಾವಾ ವಾರ್ಡಿನಲ್ಲಿ, ನಿಶಿ ಕಸಾಯ್ ಮತ್ತು ಫುನಾಬೋರಿ ಸುತ್ತ, ಭಾರತದ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿವೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಅಂಥ ನೆಂಟರ ಮನೆಗೆ ಹೊರಟವರು ಪಶ್ಚಿಮದ ಮಿತಾಕಾದಿಂದ ಚೂಓ ವೇಗದ ರೈಲಿನಲ್ಲಿ ಬರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಕಿತ್ತಳೆ ಪಟ್ಟಿಯ ರೈಲು ಶಿಂಜುಕುವಿನ 7 ಅಥವಾ 8ನೇ ಪ್ಲಾಟ್‌ಫಾರ್ಮ್‌ಗೆ ಬಂದು ನಿಲ್ಲುತ್ತದೆ. ಇಳಿಯುವವರಿಗೆ ಜಾಗ ಬಿಟ್ಟು ಹತ್ತುವವರು ಬಾಗಿಲಿನ ಎರಡೂ ಕಡೆ ನೆಲದ ಗುರುತಿನ ಮೇಲೆ ಸಾಲಾಗಿ ನಿಂತಿರುತ್ತಾರೆ. ಮೊದಲು ಮಾಡಬೇಕಾದ್ದು, ಪ್ಲಾಟ್‌ಫಾರ್ಮ್ ನಡುವೆ ನಿಂತು ಫೋನ್ ನೋಡದಿರುವುದು. ಒಂದು ಕಂಬದ ಮರೆಗೆ ಸರಿದು ತಲೆ ಎತ್ತಿ ‘ದಕ್ಷಿಣ’ ಎಂದಿರುವ ಫಲಕ ಹುಡುಕಬೇಕು. ಅದು ಮೆಟ್ಟಿಲು ಹತ್ತಿಸುತ್ತದೆ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಮೇಲೆ ಹೋಗಿ ಕಾರ್ಡ್ ಒತ್ತಿ ದಕ್ಷಿಣದ ಗೇಟು ದಾಟಿದರೆ ಎದುರಿಗೆ ಕೋಶು ಕೈದೊ. ಅಲ್ಲಿಂದ ಬಲಕ್ಕೆ ತಿರುಗಿ ನೆಲದಡಿಗೆ ಇಳಿಯಬೇಕು. ತಿಳಿಹಸಿರು ಬಳೆಯೊಳಗೆ ‘ಎಸ್’ ಎಂದಿರುವ ಗುರುತು ಇಲ್ಲಿಂದ ಜೊತೆಗಿರುತ್ತದೆ. ಕೆಳಗಿನ ಗೇಟಿನಲ್ಲಿ ಮತ್ತೆ ಕಾರ್ಡ್ ಒತ್ತಿದರೆ ಕೇಯೋ ಮತ್ತು ತೋಯೇ ಹಂಚಿಕೊಂಡಿರುವ ನಿಲ್ದಾಣ. ‘ಎಸ್ 01’ರಲ್ಲಿ ಹತ್ತಿ ‘ಎಸ್ 17’ರಲ್ಲಿ ಇಳಿದರೆ ಫುನಾಬೋರಿ. ದಾರಿಯುದ್ದಕ್ಕೂ ಅಂಕಿ ಏರುತ್ತಿದ್ದರೆ ದಿಕ್ಕು ಸರಿ.

ಜೆಆರ್ ಒಳಗೇ ಬದಲಿಸುವವರಿಗೆ ಕೆಲಸ ಇನ್ನೂ ಸುಲಭ. 13ಕ್ಕೆ ಬರುವ ಚೂಓ ಸೋಬು ರೈಲಿನಿಂದ ಇಳಿದು ಎದುರು ಬದಿಗೆ ತಿರುಗಿದರೆ 14ರಲ್ಲಿ ಶಿಬುಯಾ ಕಡೆಗೆ ಹೋಗುವ ಯಮನೋತೆ. 15 ಮತ್ತು 16ರದೂ ಹಾಗೇ ಜೋಡಿ. ಆದರೆ ಸೈಕ್ಯೋ ಮತ್ತು ಶೋನಾನ್ ಶಿಂಜುಕು ರೈಲುಗಳು ನಿಲ್ಲುವ 1ರಿಂದ 4ರವರೆಗಿನ ಪ್ಲಾಟ್‌ಫಾರ್ಮ್‌ಗಳು ಉಳಿದವಕ್ಕಿಂತ ದಕ್ಷಿಣಕ್ಕೆ ಜಾರಿಕೊಂಡಿವೆ. ಅಲ್ಲಿಗೆ ಹೋಗಲು ಹತ್ತು ನಿಮಿಷ ಕೈಯಲ್ಲಿರಲಿ. ‘ಶಿಂಜುಕು’ ಎಂದು ಹೆಸರಿನಲ್ಲಿರುವ ಬೇರೆ ನಿಲ್ದಾಣಗಳ ಬಗ್ಗೆಯೂ ಎಚ್ಚರ ಬೇಕು. ಸೇಯ್ಬು ಶಿಂಜುಕು ನಿಲ್ದಾಣ 1952ರಲ್ಲಿ ತಾತ್ಕಾಲಿಕವೆಂದು ಶುರುವಾಗಿ, ಮುಖ್ಯ ನಿಲ್ದಾಣದವರೆಗೆ ಬರುವ ಯೋಜನೆ ಕೈಬಿಟ್ಟುಹೋಗಿ, ಇಂದಿಗೂ ಉತ್ತರಕ್ಕೆ ಕೆಲವು ನಿಮಿಷದ ನಡಿಗೆಯ ದೂರದಲ್ಲಿಯೇ ಉಳಿದಿದೆ.

ಬೆಳಗಿನ ಕಚೇರಿ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದು ಈ ನಿಲ್ದಾಣಕ್ಕೆ ಬರದಿರುವುದು ಎಲ್ಲರಿಗೂ ಒಳ್ಳೆಯದು. ಆ ಹೊತ್ತಿನಲ್ಲಿ ಹಲವು ರೈಲುಗಳಲ್ಲಿ ಹೆಂಗಸರಿಗೆ ಮೀಸಲಾದ ಬೋಗಿ ಇರುತ್ತದೆ. ಕಿರುಕುಳ ತಡೆಯಲು ಕೇಯೋ ಕಂಪನಿ 2000ದ ಡಿಸೆಂಬರಿನಲ್ಲಿ ರಾತ್ರಿ ರೈಲುಗಳಲ್ಲಿ ಮಾಡಿದ ಪ್ರಯೋಗದಿಂದ ಇದು ಮತ್ತೆ ಎಲ್ಲೆಡೆ ಹಬ್ಬಿತು. ನೆಲದ ಗುಲಾಬಿ ಗುರುತು ನೋಡದೆ ಗಂಡಸರು ಅದಕ್ಕೆ ನುಗ್ಗಬಾರದು. ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ಕೊನೆಯ ರೈಲುಗಳು ಹೊರಟುಬಿಡುತ್ತವೆ, ರಾತ್ರಿಯಿಡೀ ರೈಲಿಲ್ಲ. ತಡವಾದರೆ ಬೆಳಗಿನ ನಾಲ್ಕೂವರೆಯ ಆಸುಪಾಸಿನವರೆಗೆ ಕಾಯಬೇಕು.

ನಮ್ಮ ಬೆಂಗಳೂರಿಗೂ ಇದಕ್ಕೂ ಬರಿಯ ಕುತೂಹಲದ ಸಂಬಂಧವಲ್ಲ. ನಮ್ಮ ಮೆಟ್ರೊದ ಮೊದಲ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿತ್ತು. ಮಿಯಾಕೆಯವರ ಹಳದಿ ಉಬ್ಬುಗಲ್ಲು ಮೆಜೆಸ್ಟಿಕ್ಕಿನ ಕೆಂಪೇಗೌಡ ನಿಲ್ದಾಣದಲ್ಲಿ ನಮ್ಮ ಕಾಲಡಿಯಲ್ಲೇ ಇದೆ. ನೇರಳೆ, ಹಸಿರು ಮಾರ್ಗಗಳು ಅಲ್ಲಿ ಕೂಡುತ್ತವೆ; 2025ರ ಆಗಸ್ಟಿನಿಂದ ಹಸಿರು, ಹಳದಿ ಮಾರ್ಗಗಳು ಆರ್‌.ವಿ. ರಸ್ತೆಯಲ್ಲಿ ಕೂಡುತ್ತಿವೆ. ಆದರೆ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ, ರೈಲ್ವೆ, ಬಿಎಂಟಿಸಿ ಮೂರಕ್ಕೂ ಲೆಕ್ಕ ಬೇರೆ, ಫಲಕದ ಭಾಷೆ ಬೇರೆ. ಉಪನಗರ ರೈಲು ಬಂದಾಗ ಇನ್ನೊಂದು ಸಂಸ್ಥೆ ಸೇರಿಕೊಳ್ಳುತ್ತದೆ. ಸಂಸ್ಥೆಗಳು ಒಂದಾಗಬೇಕೆಂದು ನಾನು ಹೇಳುವುದಿಲ್ಲ. ಶಿಂಜುಕುವಿನಲ್ಲೂ ಅವು ಒಂದಾಗಿಲ್ಲ. ಮೆಟ್ರೊದಿಂದ ಇಳಿದು ರೈಲ್ವೆ ನಿಲ್ದಾಣದ 8ನೇ ಪ್ಲಾಟ್‌ಫಾರ್ಮ್‌ಗೆ ಹೋಗಬೇಕಾದ ವಯಸ್ಸಾದ ಹೆಂಗಸೊಬ್ಬರಿಗೆ, ಯಾರನ್ನೂ ಕೇಳದೆ, ಒಂದೇ ಬಗೆಯ ಬಾಣದ ಗುರುತು ಮೊದಲಿನಿಂದ ಕೊನೆಯವರೆಗೆ ಕಾಣುವಂತೆ ಮಾಡಬಹುದಲ್ಲವೇ? ಅದಕ್ಕೆ ಸಾವಿರಾರು ಕೋಟಿ ಬೇಕಾಗಿಲ್ಲ. ಒಬ್ಬರು ಆ ದಾರಿಯನ್ನು ನಡೆದು ಬರೆದುಕೊಳ್ಳಬೇಕು.

ಶಿಂಜುಕು ಈಗ ಮತ್ತೆ ಮೈ ಬಿಚ್ಚಿಕೊಂಡಿದೆ. ಪಶ್ಚಿಮ ಗೇಟಿನ ಮೇಲೆ ದಶಕಗಳಿಂದ ನಿಂತಿದ್ದ ಒದಾಕ್ಯು ಡಿಪಾರ್ಟ್‌ಮೆಂಟ್ ಸ್ಟೋರಿನ ಕಟ್ಟಡ 2022ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಅದರ ಜಾಗದಲ್ಲಿ 48 ಮಹಡಿಗಳ, 260 ಮೀಟರ್ ಎತ್ತರದ ಗೋಪುರ 2029ರ ಆರ್ಥಿಕ ವರ್ಷದ ಹೊತ್ತಿಗೆ ಮುಗಿಯಬೇಕೆಂದು ಯೋಜನೆ. ಹಳಿಗಳ ಮೇಲೆ ಪೂರ್ವ ಪಶ್ಚಿಮ ಜೋಡಿಸುವ ಇನ್ನೊಂದು ಹಾದಿಯೂ ಆ ಯೋಜನೆಗಳಲ್ಲಿದೆ. ಅಲ್ಲಿಯವರೆಗೆ ಪಶ್ಚಿಮದ ಕಡೆಯ ಮೆಟ್ಟಿಲು, ಒಳದಾರಿಗಳು ಆಗಾಗ ಮುಚ್ಚುತ್ತ, ತೆರೆಯುತ್ತ, ಪಕ್ಕಕ್ಕೆ ಸರಿಯುತ್ತ ಇರುತ್ತವೆ. ಹೋಗುವವರು ಹಳೆಯ ಪ್ರವಾಸಿ ಪುಸ್ತಕದ ನಕ್ಷೆಯನ್ನು, ಗೆಳೆಯರು ಎರಡು ವರ್ಷದ ಹಿಂದೆ ಕಳಿಸಿದ ಫೋಟೊವನ್ನು ನಂಬಿಕೊಳ್ಳಬೇಡಿ. ತಾತ್ಕಾಲಿಕ ಬಿಳಿ ಗೋಡೆಯ ಮೇಲೆ ಅಂಟಿಸಿದ ಬಾಣಗಳೇ ಅಲ್ಲಿ ಸರಿಯಾದ ದಾರಿ. ಅವೂ ಅರ್ಥವಾಗದಿದ್ದರೆ ಗೇಟುಗಳ ಸಾಲಿನ ತುದಿಯಲ್ಲಿ ಸಿಬ್ಬಂದಿ ಕೂರುವ ಕಿಟಕಿ ಇರುತ್ತದೆ. ಹೋಗಬೇಕಾದ ಮಾರ್ಗದ ಅಕ್ಷರವನ್ನೂ ಅಂಕಿಯನ್ನೂ ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು, ದಾರಿ ತೋರಿಸಿ ಕಳಿಸುತ್ತಾರೆ.